ಫ್ಯಾಂಟಸಿ ಕಥೆಗಳಲ್ಲಿ ನಿಷ್ಠೆ, ದಯೆ, ಮನಸ್ಸು ಕೆಡುವುದು ಇವೆಲ್ಲ ಪಾತ್ರಗಳ ಒಡನಾಟದಿಂದ ಹೇಗೆ ಗೊತ್ತಾಗುತ್ತವೆ?

ನಿಷ್ಠೆ, ದಯೆ ಎರಡೂ ಒಂದೇ ಪಕ್ಷ ಅಂತ ನಾವು ಅಂದುಕೊಂಡಿರುತ್ತೇವೆ. ಒಳ್ಳೆಯ ಕಥೆಗಾರ ಅವನ್ನು ಎದುರುಬದುರು ನಿಲ್ಲಿಸುತ್ತಾನೆ. ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕಾದಂಬರಿಯ ಒಂದೇ ಪುಟ ಸಾಕು ಇದಕ್ಕೆ.

ಹೊತ್ತವರ ಮನಸ್ಸು ಕೆಡಿಸುವ ಒಂದು ಉಂಗುರವನ್ನು ಡೂಮ್ ಬೆಟ್ಟದ ಬೆಂಕಿಗೆ ಹಾಕಿ ನಾಶ ಮಾಡಲು ಫ್ರೋಡೊ ಹೊರಟಿದ್ದಾನೆ. ದಾರಿಯಲ್ಲಿ ಕಿರಿತ್ ಉಂಗೋಲ್ ಎಂಬ ಕಣಿವೆಯ ಮೆಟ್ಟಿಲು. ಫ್ರೋಡೊ ತನ್ನ ಆಳು ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಸ್ಯಾಮ್‌ಗೂ ಜೊಂಪು ಹತ್ತಿದೆ. ದಾರಿ ತೋರಿಸುತ್ತಿರುವ, ಹಿಂದೆ ಅದೇ ಉಂಗುರ ಇಟ್ಟುಕೊಂಡು ಹಾಳಾದ ಗೊಲ್ಲಮ್ ಎಲ್ಲಿಗೋ ಹೋಗಿದ್ದವನು ವಾಪಸ್ ಬರುತ್ತಾನೆ. ಇಬ್ಬರನ್ನೂ ದೈತ್ಯ ಜೇಡದ ಬಾಯಿಗೆ ಹಾಕಿ ಉಂಗುರ ಎಗರಿಸಬೇಕೆಂದು ಹೊಂಚು ಹಾಕಿದವನು. ಆದರೆ ಹಾಗೆ ಮಲಗಿದವರನ್ನು ನೋಡುತ್ತಾ ಅವನ ಕಣ್ಣಿನ ಕಿಚ್ಚು ಆರುತ್ತದೆ. ಸೋತು ಸುಣ್ಣವಾದ ಮುದುಕನಂತೆ ಕಾಣುತ್ತಾನೆ. ಕೈ ಚಾಚಿ ಫ್ರೋಡೊನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಸ್ಯಾಮ್ ಎಚ್ಚೆತ್ತು, ಕಳ್ಳನನ್ನು ಗದರಿಸುವ ಹಾಗೆ ಗದರಿಸುತ್ತಾನೆ. ಮುಗಿಯಿತು. ಆಮೇಲೆ ಸ್ಯಾಮ್ ಕ್ಷಮೆ ಕೇಳಿದರೂ ಗೊಲ್ಲಮ್ ಮತ್ತೆ ಆ ಮುದುಕನಾಗುವುದಿಲ್ಲ.

ನಾವು ದುರ್ಗದವರಿಗೆ ನಿಷ್ಠೆ ಅಂದರೆ ಮೊದಲು ನೆನಪಾಗುವವಳು ಓಬವ್ವ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವಾಗ, ಊಟಕ್ಕೆ ಕೂತ ಕಾವಲುಗಾರ ಗಂಡನನ್ನು ಎಬ್ಬಿಸದೆ ತಾನೇ ಒನಕೆ ಹಿಡಿದು ನಿಂತವಳು. ಆ ಕಥೆಯಲ್ಲಿ ಕಿಂಡಿಗೆ ತಲೆ ತೂರಿಸಿದವನು ಶತ್ರು, ಅಷ್ಟೇ. ಅವನ ಮುಖ ನೋಡುವ ಪುರುಸೊತ್ತು ಅವಳಿಗಿಲ್ಲ, ಇರಬೇಕಾಗಿಯೂ ಇಲ್ಲ. ಸ್ಯಾಮ್ ಎದ್ದದ್ದೂ ಅದೇ ಕಾವಲುಗಾರನ ಬುದ್ಧಿಯಲ್ಲಿ. ಆದರೆ ಅವನ ಕಿಂಡಿಗೆ ತಲೆ ಹಾಕಿದವನು ಆ ಗಳಿಗೆಯಲ್ಲಿ ಶತ್ರುವಾಗಿರಲಿಲ್ಲ. (ದಾವಣಗೆರೆಯಲ್ಲಿ ಓದುವಾಗಿನ ನನ್ನ ರೂಮ್‌ಮೇಟ್ ಇದನ್ನು ಇವತ್ತಿಗೂ ಒಪ್ಪಲ್ಲ. ಸ್ಯಾಮ್ ಮೇಲೆ ಯಾರೂ ಒಂದು ಮಾತು ಆಡಬಾರದು ಅವನಿಗೆ.)

ಹಾಗಾದರೆ ಫ್ರೋಡೊಗೆ ಗೊಲ್ಲಮ್ ಮೇಲೆ ಯಾಕೆ ಅಷ್ಟು ಕರುಣೆ? ಮೊದಮೊದಲು ಅವನಿಗೂ ಇರಲಿಲ್ಲ. ಹಿಂದೆ ಗೊಲ್ಲಮ್‌ನ ಉಂಗುರ ಕೈಗೆ ಸಿಕ್ಕಿದ್ದ ತನ್ನ ಬಂಧು ಬಿಲ್ಬೊ ಆವತ್ತೇ ಅವನನ್ನು ಕೊಲ್ಲಬೇಕಿತ್ತು ಅಂತ ಮಾಂತ್ರಿಕ ಗ್ಯಾಂಡಾಲ್ಫ್ ಎದುರು ಹೇಳಿ ಬೈಸಿಕೊಂಡವನೇ ಅವನು. ಉಂಗುರದ ಭಾರ ಕೊರಳಿಗೆ ಬಿದ್ದ ಮೇಲೆ, ಅದೇ ಭಾರ ಹೊತ್ತು ಹಾಳಾದವನೊಬ್ಬ ಎದುರಿಗೆ ನಿಂತಾಗ ಮಾತು ಬದಲಾಯಿತು. ಸ್ಯಾಮ್‌ಗೂ ಅಷ್ಟೇ. ಸ್ವಲ್ಪ ಹೊತ್ತು ಉಂಗುರ ಹೊತ್ತ ಮೇಲೆಯೇ, ಡೂಮ್ ಬೆಟ್ಟದಲ್ಲಿ ಕತ್ತಿ ಎತ್ತಿದ ಕೈ ಗೊಲ್ಲಮ್ ಮೇಲೆ ಇಳಿಯಲಿಲ್ಲ. ಅಷ್ಟೆಲ್ಲ ಕರುಣೆ ತೋರಿದ ಫ್ರೋಡೊನೇ ಕೊನೆಗೆ ಉಂಗುರ ನನ್ನದು ಅಂದುಬಿಡುತ್ತಾನೆ. ಆಗ ಅವನ ಬೆರಳು ಕಚ್ಚಿ ಉಂಗುರದ ಸಮೇತ ಬೆಂಕಿಗೆ ಬೀಳುವವನು ಎಲ್ಲರೂ ಉಳಿಸಿದ್ದ ಆ ಗೊಲ್ಲಮ್.

ಮನಸ್ಸು ಕೆಡುವುದನ್ನು ನೋಡಬೇಕೆಂದರೆ, ಮೊದಲು ಫ್ರೋಡೊನ ಜೊತೆಗೆ ಹೊರಟಿದ್ದ ಯೋಧ ಬೊರೊಮಿರ್‌ನ ಮಾತನ್ನು ಗಮನಿಸಿ. ಫ್ರೋಡೊ ಒಬ್ಬನೇ ಇದ್ದಾನಲ್ಲ ಎಂಬ ಕಾಳಜಿಯಿಂದ ಶುರು ಮಾಡುತ್ತಾನೆ. ಬರಬರುತ್ತಾ ಕೋಟೆ, ಆಯುಧ, ಸೈನ್ಯ, ಆಮೇಲೆ ತಾನೇ ದೊಡ್ಡ ರಾಜ. ಎದುರಿಗಿರುವ ಫ್ರೋಡೊ ಹೆಚ್ಚುಕಮ್ಮಿ ಮರೆತೇ ಹೋಗಿರುತ್ತಾನೆ. ಕಸಿದುಕೊಳ್ಳಲು ಮೇಲೆ ಬೀಳುವುದು ಆಮೇಲಿನ ಮಾತು. ಕೆಟ್ಟದ್ದು ಅದಕ್ಕೂ ಮೊದಲೇ ಆಗಿರುತ್ತದೆ.

ಸಿನಿಮಾ ಮಾತ್ರ ನೋಡಿದ್ದರೆ ಆ ಮೆಟ್ಟಿಲ ಪ್ರಸಂಗ ನಿಮಗೆ ಬೇರೆ ಥರ ನೆನಪಿರುತ್ತದೆ. 2003ರ ಚಿತ್ರದಲ್ಲಿ ಗೊಲ್ಲಮ್ ರೊಟ್ಟಿಯ ಚೂರುಗಳನ್ನು ಸ್ಯಾಮ್ ಮೇಲೆ ಉದುರಿಸಿ ಅವನೇ ತಿಂದ ಎಂದು ಚಾಡಿ ಹೇಳುತ್ತಾನೆ, ಫ್ರೋಡೊ ಸ್ಯಾಮ್‌ನನ್ನು ವಾಪಸ್ ಕಳಿಸುತ್ತಾನೆ. ಪುಸ್ತಕದಲ್ಲಿ ಅದಿಲ್ಲ. ತೆರೆಗೆ ಅದು ಸಲೀಸು ನಿಜ, ಆದರೆ ತಪ್ಪೆಲ್ಲ ಗೊಲ್ಲಮ್ ತಲೆಗೆ ಕಟ್ಟಿ ಸ್ಯಾಮ್‌ನನ್ನು ಬರೀ ಒಳ್ಳೆಯವನನ್ನಾಗಿ ಮಾಡಿಬಿಟ್ಟರಲ್ಲ ಅನ್ನೋದು ನನ್ನ ತಕರಾರು.