ಅಮ್ಮನಿಗೆ ಬ್ರಾಂಕಿಯೆಕ್ಟಾಸಿಸ್ ಇದೆ, ದಿನಾ ವಿಪರೀತ ಕಫ. ಇದರ ಜೊತೆ ಬದುಕುವುದು ಹೇಗೆ?

ಕಾರವಾರದಲ್ಲಿರುವ ನಿಮ್ಮ ಅಮ್ಮ ಕಫದ ನಾಚಿಕೆಗೆ ಮದುವೆ ಮನೆಗೂ ಹೋಗುವುದಿಲ್ಲ, ಕೆಮ್ಮು ಬಂದರೆ ಸೆರಗು ಒತ್ತಿ ತಡೆದುಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಶಿರಸಿ ಹತ್ತಿರದ ಹಳ್ಳಿಯವಳು. ನನಗೂ 11 ವರ್ಷದಿಂದ ಇದೇ ಕಾಯಿಲೆ.

ಮೊದಲು ಅವರು ಕೆಮ್ಮು ತಡೆಯುವುದನ್ನು ಬಿಡಿಸಿ. ಈ ಕಾಯಿಲೆಯಲ್ಲಿ ಶ್ವಾಸನಾಳ ಅಲ್ಲಲ್ಲಿ ಹಿಗ್ಗಿರುತ್ತದೆ. ಕಫವನ್ನು ಮೇಲಕ್ಕೆ ದೂಡುವ ಸಣ್ಣ ರೋಮಗಳು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಫ ನಿಂತಲ್ಲಿ ಸೋಂಕು ಹಿಡಿಯುತ್ತದೆ, ಸೋಂಕಾದಷ್ಟೂ ನಾಳ ಹಾಳಾಗುತ್ತದೆ. ಹಾಗಾಗಿ ದಿನಾ ಕಫ ತೆಗೆಯುವುದೇ ಮುಖ್ಯ ಕೆಲಸ. ನಾನು ಮೂರು ವರ್ಷ ಕೆಮ್ಮು ನಿಲ್ಲಿಸುವ ಸಿರಪ್ ಕುಡಿದೆ. ಹುಬ್ಬಳ್ಳಿಯಲ್ಲಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ ಮೇಲೆಯೇ ಕಾಯಿಲೆಯ ಹೆಸರು ಗೊತ್ತಾಗಿದ್ದು. ಆ ಮೂರು ವರ್ಷದ ಸಂಕಟ ಈಗಲೂ ಇದೆ.

ಬೆಳಿಗ್ಗೆ ಆಸರಿಗೆ ಕುಡಿಯುವ ಮೊದಲೇ ಜಗಲಿಯಲ್ಲಿ ಕೂರುತ್ತೇನೆ, ಪಕ್ಕದಲ್ಲಿ ಮುಚ್ಚಳದ ಡಬ್ಬಿ. ಸ್ವಲ್ಪ ಹೊತ್ತು ಆರಾಮಾಗಿ ಉಸಿರಾಟ. ಆಮೇಲೆ ಮೂರ್ನಾಲ್ಕು ಸಲ ಎದೆ ತುಂಬ ಉಸಿರು ಎಳೆದು, ಮೂರು ಎಣಿಸುವವರೆಗೆ ಹಿಡಿದು, ನಿಧಾನ ಬಿಡುತ್ತೇನೆ. ಮತ್ತೆ ಆರಾಮಾಗಿ ಉಸಿರಾಟ. ಆಮೇಲೆ 'ಹಾ'. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ಬಾಯಿ ತೆರೆದು ಉಸಿರು ಬಿಡುತ್ತೇವಲ್ಲ, ಹಾಗೆ, ಆದರೆ ಜೋರಾಗಿ. ಅರ್ಧ ಉಸಿರಿನಲ್ಲಿ ಉದ್ದಕ್ಕೆ 'ಹಾ' ಅಂದರೆ ಕೆಳಗಿನ ಕಫ ಸರಿಯುತ್ತದೆ. ಪೂರ್ತಿ ಉಸಿರು ತುಂಬಿ 'ಹಾ' ಅಂದರೆ ಮೇಲೆ ಬಂದದ್ದು ಹೊರಗೆ ಬರುತ್ತದೆ. ಎದೆಯೊಳಗಿನ ಗೊರಗೊರ ನಿಲ್ಲುವವರೆಗೆ ಇಷ್ಟನ್ನೇ ಮತ್ತೆ ಮತ್ತೆ ಮಾಡುತ್ತೇನೆ. ಸುಮಾರು 20 ನಿಮಿಷ ಬೇಕು. ಸಂಜೆಯೂ ಒಮ್ಮೆ. ನನಗೆ ಬಲ ಶ್ವಾಸಕೋಶದ ಕೆಳಭಾಗ ಹಾಳಾಗಿರುವುದರಿಂದ ಎಡಮಗ್ಗುಲಲ್ಲಿ ಮಲಗಿಯೂ ಮಾಡುತ್ತೇನೆ. ನಿಮ್ಮ ಅಮ್ಮನಿಗೆ ಯಾವ ಮಗ್ಗುಲು ಅಂತ ಸ್ಕ್ಯಾನ್ ನೋಡಿ ಫಿಸಿಯೋಥೆರಪಿಸ್ಟ್ ಹೇಳಬೇಕು. ಆರಾಮಿದ್ದ ದಿನವೂ ಬಿಡಬಾರದು. ನಾನು ಬಿಟ್ಟಾಗೆಲ್ಲ ಜ್ವರ ಬಂದು ಮಲಗಿದ್ದೇನೆ.

ಡಬ್ಬಿ ಮುಚ್ಚುವ ಮೊದಲು ಬಣ್ಣ ನೋಡಿ. ನನ್ನದು ಸಾಮಾನ್ಯವಾಗಿ ಬಿಳಿ. ಹಸಿರಾಗಿ, ದಪ್ಪವಾಗಿ, ಜಾಸ್ತಿಯಾದರೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಕಫವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕೊಡಿ. ಯಾವ ಕ್ರಿಮಿಗೆ ಯಾವ ಔಷಧ ಅಂತ ಅದರಿಂದಲೇ ತಿಳಿಯುವುದು. ಕಫದಲ್ಲಿ ರಕ್ತ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ನೆಬ್ಯುಲೈಸರ್ ಅಂದರೆ ದ್ರವವನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಒಳಗೆ ಕಳಿಸುವ ಯಂತ್ರ. ಉಪ್ಪುನೀರಿನ ನೆಬ್ಯುಲೈಸರ್ ಕಫವನ್ನು ತೆಳು ಮಾಡುತ್ತದೆ. ಆದರೆ ಕೆಲವರಿಗೆ ಅದರಿಂದ ಉಸಿರು ಬಿಗಿಯುತ್ತದೆ, ಹಾಗಾಗಿ ಮೊದಲ ಸಲ ಡಾಕ್ಟರ್ ಎದುರಲ್ಲೇ ಆಗಲಿ. ಅದರ ಮಾಸ್ಕ್ ಮತ್ತು ದ್ರವ ಹಾಕುವ ಬಟ್ಟಲನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಬೇಕು. ನಮ್ಮ ಮಳೆಗಾಲದಲ್ಲಿ ಏನು ಒಣಗುತ್ತದೆ ಹೇಳಿ! ನಾನು ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಇಡುತ್ತೇನೆ. ಗೋಡೆಯ ಬೂಷ್ಟು ಬೇರೆಯವರು ಒರೆಸಲಿ, ಅಮ್ಮ ಬೇಡ. ಬಚ್ಚಲ ಒಲೆ ಹತ್ತಿರವೂ ಬೇಡ. ಅಡಿಕೆ ಬೇಯಿಸುವ ದಿನಗಳಲ್ಲಿ ನಾನು ತಂಗಿಯ ಮನೆಗೆ ಹೋಗಿಬಿಡುತ್ತೇನೆ, ಹೊಗೆ ಅಷ್ಟು ತೊಂದರೆ ಕೊಡುತ್ತದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ಹಾಲು ಕುಡಿದರೆ ಕಫ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹಾಲಿನಿಂದ ಕಫ ಹುಟ್ಟುವುದಿಲ್ಲ. ತೂಕ ಇಳಿಯಬಾರದ ಕಾಯಿಲೆ ಇದು, ಬಿಡಿಸಬೇಡಿ. ಜೀರಿಗೆ ಕಷಾಯ ಬಿಸಿಬಿಸಿ ಕುಡಿಯಲಿ, ಗಂಟಲಿಗೆ ಹಿತ. ಆದರೆ ಅದು 'ಹಾ' ಮಾಡುವ ಕೆಲಸ ಮಾಡುವುದಿಲ್ಲ.

ನಾಚಿಕೆ ನನಗೂ ಇತ್ತು. ಶುರುವಿನಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಮಗಳು ಬಂದು ಪಕ್ಕದಲ್ಲಿ ಕೂತು ನನ್ನ ಜೊತೆ ತಾನೂ 'ಹಾ' ಅಂದಳು. ಒಂದು ವಾರ ದಿನಾ ಹಾಗೇ ಕೂತಳು. ಆಮೇಲೆ ನಾನು ಜಗಲಿಗೆ ಬಂದೆ. ನಾಳೆ ಬೆಳಿಗ್ಗೆ ನೀವೂ ಅಮ್ಮನ ಪಕ್ಕ ಕೂತು ನೋಡಿ.