ಬೀದಿಬದಿಯ ಬೆರಕೆ ಸೊಪ್ಪು ತಿನ್ನಬಹುದಾ? ಸೊಪ್ಪು ಬಿಡಿ, ಬೀಜ ತನ್ನಿ

ನಿಮ್ಮ ಪ್ರಶ್ನೆ: ಬೆಂಗಳೂರಿನ ಖಾಲಿ ಸೈಟು, ಕೆರೆ ಏರಿಗಳಲ್ಲಿ ಹೊನಗೊನೆ, ಅಣ್ಣೆ, ಗಣಿಕೆ ಸೊಪ್ಪು ತಾನಾಗೇ ಬೆಳೆದಿರುತ್ತೆ, ಕಿತ್ತು ತಂದು ಬಸ್ಸಾರು ಮಾಡಬಹುದಾ, ಇಲ್ಲದಿದ್ದರೆ ಬಾಡಿಗೆ ಮನೆಯ ತಾರಸಿಯಲ್ಲಿ ಇವನ್ನು ಬೆಳೆಯೋಕಾಗುತ್ತಾ ಅಂತ.

ಕಿತ್ತು ತಂದು ನೇರ ಪಾತ್ರೆಗೆ ಹಾಕಬೇಡಿ. ಅಲ್ಲಿಂದ ಬೀಜ ಮತ್ತು ಕಡ್ಡಿ ಮಾತ್ರ ತನ್ನಿ, ಮನೆಯಲ್ಲಿ ಬೆಳೆಸಿ. ಯಾರೂ ನೀರು ಹಾಕದೆ, ಗೊಬ್ಬರ ಹಾಕದೆ ಸೈಟಲ್ಲಿ ಬೆಳೆದ ಗಿಡಕ್ಕೆ ನಿಮ್ಮ ತಾರಸಿಯ ಡಬ್ಬ ಅರಮನೆ ಇದ್ದ ಹಾಗೆ. ಹೊಸಬರು ಟೊಮೆಟೊ, ಕ್ಯಾಪ್ಸಿಕಂ ಹಾಕಿ ಕೈಸುಟ್ಟುಕೊಳ್ಳುತ್ತಾರೆ. ಶುರು ಮಾಡಬೇಕಾದದ್ದು ಈ ಕಳೆ ಸೊಪ್ಪುಗಳಿಂದಲೇ.

ಬೀದಿಯದ್ದು ಯಾಕೆ ಬೇಡ? ಎಲೆ ಮೇಲೆ ಕೂತ ಧೂಳು ತೊಳೆದರೆ ಹೋಗುತ್ತೆ. ಬೇರು ಎಳೆದುಕೊಂಡ ಕ್ಯಾಡ್ಮಿಯಂ, ಸೀಸದಂಥ ವಿಷಲೋಹ ತೊಳೆದರೂ ಹೋಗಲ್ಲ, ಬೇಯಿಸಿದರೆ ನಾಶವಾಗುವಂಥದ್ದೂ ಅಲ್ಲ. ಸೀಸ ಬೆರೆಸಿದ ಪೆಟ್ರೋಲು ನಮ್ಮಲ್ಲಿ 2000ನೇ ಇಸವಿಯಲ್ಲೇ ನಿಂತಿತು, ಆದರೆ ಅದಕ್ಕೂ ಮುಂಚೆ ರಸ್ತೆಬದಿಯ ಮಣ್ಣಿಗೆ ಇಳಿದ ಸೀಸ ಎಲ್ಲಿಗೂ ಹೋಗಿಲ್ಲ. ಖಾಲಿ ಸೈಟು ಅಂದರೆ ಕಟ್ಟಡದ ಕಸ, ಬಣ್ಣದ ಚಕ್ಕೆ, ಕಸ ಸುಟ್ಟ ಬೂದಿ. ಕೆರೆ ಅಂದರೆ ಚರಂಡಿ ನೀರು. ಬೆಳ್ಳಂದೂರು, ವರ್ತೂರಿನ ನೊರೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹೊನಗೊನೆಯಂತೂ ಅಂಥ ಒದ್ದೆ ಜಾಗದಲ್ಲೇ ಸೊಂಪಾಗಿ ಬರೋದು. ಇನ್ನು ಕೆಲವೆಡೆ ಕಳೆನಾಶಕ ಹೊಡೆದಿರುತ್ತಾರೆ. ಹೊಡೆದು ಒಂದೆರಡು ದಿನ ಗಿಡ ಹಸಿರಾಗೇ ಕಾಣುತ್ತೆ, ಹಳದಿಯಾಗೋದು ಆಮೇಲೆ. ನೋಡಿ ಗೊತ್ತುಮಾಡೋಕೆ ಆಗಲ್ಲ. ನಿಮ್ಮದೇ ತೋಟ ಇದ್ದರೆ, ಹೊಸಕೋಟೆ, ಕನಕಪುರದ ಕಡೆ ಪರಿಚಯದವರ ರಾಗಿ ಹೊಲ ಇದ್ದರೆ ಮಾತು ಬೇರೆ. ಅಲ್ಲಿ ಕಳೆ ಕೀಳುವಾಗ ಸಿಗುವ ಅಣ್ಣೆ ಸೊಪ್ಪಿಗೆ ಸಾಟಿಯಿಲ್ಲ. ಔಷಧಿ ಹೊಡೆದಿದ್ದಾರಾ ಅಂತ ಒಂದು ಮಾತು ಕೇಳಿ ಕೀಳಿ.

ಬೀಜ, ಕಡ್ಡಿ ತರುವಾಗಲೂ ಗಿಡದ ಗುರುತು ಸರಿಯಾಗಿರಬೇಕು. ಹೂವೋ ಕಾಯೋ ಕಾಣದ ಗಿಡವನ್ನು ಮುಟ್ಟಲೇಬೇಡಿ.

ಗಣಿಕೆ: ಪುಟ್ಟ ಬಿಳಿ ಹೂವು, ನಡುವೆ ಹಳದಿ, ಗೊಂಚಲಾಗಿ ಜೋತಿರುತ್ತೆ. ಕಾಯಿ ಬಟಾಣಿಗಿಂತ ಚಿಕ್ಕದು, ಹಣ್ಣಾದಾಗ ಕಪ್ಪು. ಎಳೆಯ ದತ್ತೂರದ ಎಲೆ ದೂರದಿಂದ ಹೀಗೇ ಕಾಣುತ್ತೆ, ಆದರೆ ಅದಕ್ಕೆ ತುತ್ತೂರಿಯಂಥ ಒಂಟಿ ದೊಡ್ಡ ಹೂವು, ಮುಳ್ಳು ಕಾಯಿ, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಗಣಿಕೆಯ ಹಸಿರು ಕಾಯಿ ಕೂಡ ವಿಷವೇ, ಸೊಪ್ಪು ಬಿಡಿಸುವಾಗ ಒಂದೊಂದೂ ತೆಗೆದುಹಾಕಿ.

ಗೋಣಿ ಸೊಪ್ಪು: ನೆಲಕ್ಕೆ ಹಬ್ಬಿದ ಕೆಂಪು ಕಾಂಡ, ದಪ್ಪ ಎಲೆ. ಕಾಂಡ ಮುರಿದು ನೋಡಿ. ನೀರು ಬಂದರೆ ಗೋಣಿ, ಬಿಳಿ ಹಾಲು ಬಂದರೆ ಅದು ಬೇರೆ ಗಿಡ, ಬಿಸಾಡಿ.

ಹೊನಗೊನೆ: ಬಿಳಿ ಹೂವಿನ ಗುಂಡಿ ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತೆ. ಕೆರೆಗಳಲ್ಲಿ ಇದರ ದಾಯಾದಿಯೊಂದು ತೇಲುತ್ತೆ, ಅದರ ಹೂವು ಒಂದೆರಡು ಇಂಚಿನ ತೊಟ್ಟಿನ ತುದಿಯಲ್ಲಿರುತ್ತೆ, ಕಾಂಡ ಟೊಳ್ಳು. ಅದು ಬೇಡ.

ಇಷ್ಟೆಲ್ಲ ತಲೆನೋವು ಯಾಕೆ ಅನ್ನಿಸಿದರೆ ಬೆರಕೆ ಸೊಪ್ಪು ಗುಡ್ಡೆ ಹಾಕಿ ಮಾರುವ ಅಜ್ಜಿಯರ ಹತ್ತಿರ ಒಂದು ಗುಡ್ಡೆ ತಗೊಳ್ಳಿ. ಅದರಲ್ಲಿನ ಹೊನಗೊನೆ, ಗೋಣಿ, ಬಸಳೆ ಕಡ್ಡಿಗಳೆಲ್ಲ ಚಿಗುರುತ್ತವೆ. ಯಾವುದು ಯಾವ ಸೊಪ್ಪು ಅಂತ ಅವರೇ ಹೇಳಿಕೊಡುತ್ತಾರೆ. ದಂಟಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಬೀಜ ಒಳ್ಳೆಯದು, ಒಂದೇ ಬಿತ್ತನೆಗೆ ಹಲವು ಸಲ ಕೊಯ್ಯಬಹುದು. ಕೆಂಪು ಬೇಕಿದ್ದರೆ ಅರ್ಕಾ ಅರುಣಿಮಾ.

ಡಬ್ಬ: ಎರಡಡಿ ಉದ್ದ, ಒಂದಡಿ ಅಗಲ, ಮುಕ್ಕಾಲು ಅಡಿ ಆಳ ಸಾಕು. ಸೊಪ್ಪಿನ ಬೇರಿಗೆ ಆರೇಳು ಇಂಚು ಮಣ್ಣು ಧಾರಾಳ. ತಳದಲ್ಲಿ ಕಿರುಬೆರಳು ಹೋಗುವಷ್ಟು ಆರು ತೂತು ಇರಲಿ. ಕೆಂಪು ಮಣ್ಣು, ಹಳೆಯ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ, ಡಬ್ಬಕ್ಕೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಮೂರು ಸಲ ನೀರು ಹಿಂಡಿ ಚೆಲ್ಲಿ. ಅದರಲ್ಲಿ ಉಪ್ಪಿನಂಶ ಇರುತ್ತೆ, ಹಾಗೇ ಹಾಕಿದರೆ ಎಳೆ ಸಸಿಗಳ ಎಲೆತುದಿ ಸುಟ್ಟಂತಾಗುತ್ತೆ. ಇದೇ ಕಾರಣಕ್ಕೆ ವಾಟರ್ ಫಿಲ್ಟರ್ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ. ಉಳಿತಾಯ ಅಂತ ಎಲ್ಲರೂ ಹಾಕುತ್ತಾರೆ, ಆದರೆ ಮೂಲ ನೀರಿನಲ್ಲಿದ್ದ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿ ಸೇರಿರುತ್ತೆ. ಒಂದೆರಡು ತಿಂಗಳಲ್ಲಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತೆ. ಬೋರ್‌ವೆಲ್ ನೀರಿನದ್ದೂ ಸುಮಾರು ಇದೇ ಕಥೆ, ಮಳೆ ನೀರು ಸಿಕ್ಕಾಗ ಡಬ್ಬದ ತಳದಿಂದ ಇಳಿದು ಹೋಗುವಷ್ಟು ಕೊಡಿ.

ತೂಕ ಮರೆಯಬೇಡಿ. ಇಂಥ ಡಬ್ಬ ಒದ್ದೆಯಾದಾಗ 35ರಿಂದ 40 ಕೆಜಿ. ಓಡಾಡುವ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 150 ಕೆಜಿ. ಡಬ್ಬಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಇದು ಸುಲಭವಾಗಿ ಮೀರುತ್ತೆ. ಗೋಡೆ ಅಥವಾ ಬೀಮು ಇರುವ ಕಡೆ ಸಾಲಾಗಿಡಿ, ಕೆಳಗೆ ಇಟ್ಟಿಗೆ ಕೊಡಿ. ನೀರು ನಿಂತು ಸೋರಿದರೆ ಓನರ್ ಜೊತೆ ಜಗಳ ಶುರುವಾಗೋದು ಅಲ್ಲಿಂದಲೇ.

ದಂಟು, ಅಣ್ಣೆ ಬೀಜ ತೀರಾ ಸಣ್ಣದು. ಡಬ್ಬಕ್ಕೆ ಒಂದೇ ಚಿಟಿಕೆ, ಅದನ್ನು ಒಂದು ಹಿಡಿ ಮರಳಿಗೆ ಬೆರೆಸಿ ಚೆಲ್ಲಿ. ಮೇಲೆ ಬೀಜ ಮರೆಯಾಗುವಷ್ಟೇ ಪುಡಿ ಗೊಬ್ಬರ, ಅರ್ಧ ಸೆಂಟಿಮೀಟರ್ ಮೀರಬಾರದು. ಬೀಜ ಹುಟ್ಟಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಆಳಕ್ಕೆ ಹೂತಿರುತ್ತಾರೆ, ಇಲ್ಲವೇ ಇರುವೆ ಹೊತ್ತುಕೊಂಡು ಹೋಗಿರುತ್ತೆ. ಬಿತ್ತಿದ ಮೇಲೆ ಡಬ್ಬವನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆ ಮೇಲಿಟ್ಟರೆ ಇರುವೆ ಹತ್ತಲ್ಲ. ಸಸಿ ಒತ್ತಾಗಿದ್ದು ಮಣ್ಣು ಸದಾ ಒದ್ದೆಯಿದ್ದರೆ ಬುಡ ಕೊಳೆತು ಸಾಲಾಗಿ ಮಲಗುತ್ತವೆ. ಹತ್ತನೇ ದಿನಕ್ಕೆ ಎರಡು ಬೆರಳಿಗೊಂದರಂತೆ ಬಿಟ್ಟು ಮಿಕ್ಕವನ್ನು ಕಿತ್ತು ಸಾರಿಗೆ ಹಾಕಿ. 25ರಿಂದ 30 ದಿನಕ್ಕೆ ಮೊದಲ ಕೊಯ್ಲು, ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಎರಡು ವಾರಕ್ಕೆ ಮತ್ತೆ ಬರುತ್ತೆ.

ಹೊನಗೊನೆಗೆ ಗೇಣುದ್ದದ ಕಡ್ಡಿ, ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತು ಆ ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ನಾಲ್ಕು ದಿನ ನೆರಳು. ಎಲ್ಲಿಯದ್ದೋ ನೀರು ಕುಡಿದ ಕಡ್ಡಿಯಾದ್ದರಿಂದ ಮೊದಲ ಕೊಯ್ಲನ್ನು ಗೊಬ್ಬರಕ್ಕೆ ಹಾಕುವುದು ಲೇಸು. ಗಣಿಕೆಗೆ ಕಪ್ಪು ಹಣ್ಣನ್ನು ನೀರಲ್ಲಿ ಹಿಸುಕಿ. ಬೀಜ ತಳಕ್ಕೆ ಕೂರುತ್ತೆ, ತಿರುಳು ತೇಲುತ್ತೆ, ಬಸಿದು ನೆರಳಲ್ಲಿ ಒಣಗಿಸಿ. ಮನೆಗೆ ಒಂದೆರಡು ಗಿಡ ಸಾಕು. ಗೋಣಿಗೆ ಏನೂ ಬೇಡ, ಬಿಸಿಲಿರುವ ಕಡೆ ತುಂಡು ಬಿಸಾಕಿ.

ದಂಟಿನ ಎಲೆಯಡಿ ಬಿಳಿ ಗುಳ್ಳೆಗಳೆದ್ದರೆ ಅದು ಬೂಷ್ಟಿನ ಜಾತಿಯ ರೋಗ, ಆ ಎಲೆ ಕಿತ್ತು ಮನೆಯಿಂದಾಚೆ ಹಾಕಿ, ನೀರು ಬುಡಕ್ಕೆ ಮಾತ್ರ ಕೊಡಿ. ಎಲೆ ಸುತ್ತಿ ಬಲೆ ಕಟ್ಟಿದ್ದರೆ ಒಳಗೆ ಹಸಿರು ಹುಳು ಇರುತ್ತೆ, ಕೈಯಲ್ಲೇ ತೆಗೆಯಿರಿ. ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯುವಷ್ಟು ದೊಡ್ಡ ಸಮಸ್ಯೆ ಡಬ್ಬದಲ್ಲಿ ಬರಲ್ಲ.

ಇನ್ನು ಬಸ್ಸಾರು, ನಾಲ್ಕು ಜನಕ್ಕೆ. ಬಿಡಿಸಿದ ಸೊಪ್ಪು ಅರ್ಧ ಕೆಜಿ. ಅದರಲ್ಲಿ ಮುಕ್ಕಾಲು ಪಾಲು ಸಪ್ಪೆ ಸೊಪ್ಪು, ಅಂದರೆ ದಂಟು, ಅಣ್ಣೆ, ಹೊನಗೊನೆ. ಗಣಿಕೆ ಒಂದು ಹಿಡಿ ಮೀರಿದರೆ ಸಾರು ಕಹಿ, ಗೋಣಿ ಜಾಸ್ತಿಯಾದರೆ ಲೋಳೆ. 150 ಗ್ರಾಂ ತೊಗರಿಬೇಳೆಯನ್ನು ಒಂದೂವರೆ ಲೀಟರ್ ನೀರಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ, ಕುಕ್ಕರ್ ಬೇಡ. ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು. ಆಗ ಸೊಪ್ಪು, ಉಪ್ಪು ಹಾಕಿ ಮುಚ್ಚದೆ ಏಳೆಂಟು ನಿಮಿಷ. ಬಸಿದು ಕಟ್ಟು ಬೇರೆ ಇಡಿ.

ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಆರು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ಹುರಿದು, ಅರ್ಧ ಬಟ್ಟಲು ತೆಂಗಿನತುರಿ, ಸಣ್ಣ ನಿಂಬೆ ಗಾತ್ರದ ಹುಣಸೆ, ಜೊತೆಗೆ ಬೆಂದ ಬೇಳೆಸೊಪ್ಪು ಒಂದು ಸೌಟು ಹಾಕಿ ನುಣ್ಣಗೆ ರುಬ್ಬಿ. ಆ ಒಂದು ಸೌಟು ಬಿಟ್ಟರೆ ಸಾರು ನೀರುನೀರಾಗಿ ಮುದ್ದೆಗೆ ಅಂಟಲ್ಲ. ಕಟ್ಟಿಗೆ ಬೆರೆಸಿ ಹತ್ತು ನಿಮಿಷ ಕುದಿಸಿ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಉಳಿದ ಬೇಳೆಸೊಪ್ಪನ್ನು ಹಿಂಡಿ ಈರುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ ಜೊತೆ ಬಾಡಿಸಿದರೆ ಪಲ್ಯ.

ಮನೆಯಲ್ಲಿ ಕಿಡ್ನಿ ಕಲ್ಲಿನವರಿದ್ದರೆ ಒಂದು ವಿಷಯ. ದಂಟು, ಗೋಣಿಯಂಥ ಸೊಪ್ಪುಗಳಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ, ಕುದಿಸಿದಾಗ ಅದರಲ್ಲಿ ಒಳ್ಳೆಯ ಪಾಲು ನೀರಿಗೆ ಬಿಡುತ್ತೆ. ಅಂದರೆ ಅದು ಸಾರಿಗೆ ಬಂತು. ಅವರಿಗೆ ಪಲ್ಯ ಬಡಿಸಿ, ಅದೂ ಮಿತವಾಗಿ, ಸಾರನ್ನು ಸೊಪ್ಪು ಹಾಕದ ಬರೀ ಬೇಳೆ ಕಟ್ಟಿನಲ್ಲೇ ಬೇರೆ ಮಾಡಿ. ಮಸ್ಸೊಪ್ಪಿನಲ್ಲಿ ಏನನ್ನೂ ಚೆಲ್ಲದ ಕಾರಣ ಅದು ಅವರಿಗೆ ಬೇಡವೇ ಬೇಡ.