ಸೊಪ್ಪಿನ ಬೆಟ್ಟಕ್ಕೆ ಲಂಟಾನ ನುಗ್ಗಿದರೆ ನಷ್ಟ ಯಾರಿಗೆ?

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ, ಜೊತೆಗೆ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ. ಬೆಟ್ಟದ ಅರ್ಧದಷ್ಟು ಜಾಗದಲ್ಲಿ ಲಂಟಾನ, ಯುಪಟೋರಿಯಂ ಎಂಬ ಹೊರದೇಶದ ಕಳೆಗಳು ತುಂಬಿಕೊಂಡಿವೆ. ಇಂಥವುಗಳಿಂದ ದೇಶಕ್ಕೆ ಲಕ್ಷಾಂತರ ಕೋಟಿ ನಷ್ಟ ಎಂದು ಓದಿದೆ. ಮಾರುವ ಬೆಳೆಯೇ ಇಲ್ಲದ ಕಾಡಿನಲ್ಲಿ ನಷ್ಟ ಎಲ್ಲಿಂದ ಬಂತು? ಕೀಳಿಸಿದರೆ ಕೂಲಿಯಾದರೂ ಹುಟ್ಟುತ್ತದೆಯೇ?
– ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ಉತ್ತರ: ನೀವು ಓದಿದ್ದು ಬಹುಶಃ 2022ರ ಅಧ್ಯಯನವೊಂದರ ಅಂದಾಜು. 1960ರಿಂದ 2020ರವರೆಗೆ ಹೊರಗಿನಿಂದ ಬಂದು ಹಬ್ಬಿದ ಜೀವಿಗಳಿಂದ ಭಾರತಕ್ಕಾದ ನಷ್ಟ 8.3ರಿಂದ 11.9 ಲಕ್ಷ ಕೋಟಿ ರೂಪಾಯಿ ಎನ್ನುತ್ತದೆ ಅದು. ಇದರಲ್ಲಿ ಗಿಡಗಳಷ್ಟೇ ಅಲ್ಲ, ಕೀಟ, ಪ್ರಾಣಿಗಳೂ ಸೇರಿವೆ. ಅದೂ ಹಣದ ಲೆಕ್ಕ ಸಿಕ್ಕ ಬೆರಳೆಣಿಕೆಯ ಜೀವಿಗಳದ್ದು. ನಿಮ್ಮ ಬೆಟ್ಟದಂಥ ಜಾಗದ ನಷ್ಟ ಇಂಥ ಮೊತ್ತಕ್ಕೆ ಸೇರುವುದೇ ಅಪರೂಪ. ಅಲ್ಲಿ ಬಿಲ್ ಬರೆಯುವವರು ಯಾರಿದ್ದಾರೆ?

ಬಿಲ್ ಇರುವುದು ನಿಮ್ಮ ಮನೆಯಲ್ಲೇ. ಪುಕ್ಕಟೆ ಬರುತ್ತಿದ್ದ ಸೊಪ್ಪು, ದರಗು (ಒಣಗಿ ಬಿದ್ದ ಎಲೆ) ಕಡಿಮೆಯಾದಷ್ಟೂ ಲಾರಿ ಗೊಬ್ಬರದ ಬಾಬ್ತು ಏರಿರುತ್ತದೆ. ಲಂಟಾನದ ಪೊದೆಯಡಿ ಹುಲ್ಲು ಏಳುವುದಿಲ್ಲವಾದ್ದರಿಂದ ಮೇವೂ ಕೊಳ್ಳಬೇಕು. ದನಗಳು ಸಾಮಾನ್ಯವಾಗಿ ಲಂಟಾನ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಬೇರೇನೂ ಸಿಗದೆ ತಿಂದರೆ ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ, ಬಿಸಿಲು ತಾಗಿದಲ್ಲಿ ಚರ್ಮ ಸುಲಿಯುತ್ತದೆ. ಆಗ ಪಶುವೈದ್ಯರಿಗೆ ಕೊಟ್ಟ ದುಡ್ಡನ್ನೂ ಲಂಟಾನದ ಖಾತೆಗೇ ಬರೆದುಕೊಳ್ಳಿ.

ನನ್ನನ್ನು ಕೇಳಿದರೆ ಇವೆಲ್ಲ ಸಣ್ಣ ಬಾಬ್ತುಗಳು. ಮತ್ತಿ, ನಂದಿ, ಹೊನ್ನೆಯ ಎಳೆ ಸಸಿಗಳು ಆ ಪೊದೆಯಡಿ ಬೆಳಕಿಲ್ಲದೆ ಸಾಯುತ್ತಿವೆಯಲ್ಲ, ದೊಡ್ಡ ನಷ್ಟ ಅದು. ಈಗಿನ ಮರಗಳು ಮುದಿಯಾದ ಮೇಲೆ ಅವುಗಳ ಜಾಗಕ್ಕೆ ಬರುವವು ಇಲ್ಲ. ಹಸಿರು ಮಾತ್ರ ಹಾಗೇ ಕಾಣುತ್ತಿರುತ್ತದೆ, ಅದರಿಂದಲೇ ನಾವು ಮೋಸ ಹೋಗುವುದು. ಒಣಗಿದ ಪೊದೆಗಳು ನೆಲದ ಬೆಂಕಿಯನ್ನು ಕೊಂಬೆಯವರೆಗೆ ಏರಿಸುತ್ತವೆ, ಬೆಂಕಿ ಆರಿದ ಮೇಲೆ ಮೊದಲು ಚಿಗುರುವುದೂ ಅವೇ. ನಮ್ಮ ದೇಶದಲ್ಲಿ ಹುಲಿಗಳಿರುವ ಕಾಡುಗಳ ಶೇ 40ಕ್ಕೂ ಹೆಚ್ಚು ಭಾಗದಲ್ಲಿ, ಅಂದರೆ ಸುಮಾರು 1.54 ಲಕ್ಷ ಚದರ ಕಿ.ಮೀ.ನಲ್ಲಿ ಲಂಟಾನ ಹಬ್ಬಿದೆ ಎಂದು 2020ರಲ್ಲಿ ಅಂದಾಜಿಸಲಾಗಿತ್ತು.

ಇನ್ನು ಕೂಲಿ. ನೆಲಮಟ್ಟಕ್ಕೆ ಸವರಿಸಿದರೆ ಹುಟ್ಟುವುದಿಲ್ಲ, ಮಳೆ ಬಿದ್ದ ಕೂಡಲೇ ಒಂದಿದ್ದಲ್ಲಿ ಹತ್ತು ಚಿಗುರು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ಕ್ರಮ ಬೇರೆ. ಚಿಗುರೊಡೆಯುವ ಬುಡದ ಗಂಟಿನ ಕೆಳಗೆ, ಮಣ್ಣಿನೊಳಗೆ ಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡುವುದು. ಹಣ್ಣು ಆಗುವ ಮೊದಲೇ ಇದು ಮುಗಿಯಬೇಕು. ಬೀಜ ಹರಡುವುದು ಹಕ್ಕಿಗಳು. ಹಾಗಾಗಿ ಅವು ಕೂರುವ ಮರಗಳ ಬುಡದಲ್ಲಿ ಮುಂದಿನ ಎರಡು ಮೂರು ಮಳೆಗಾಲ ಸಸಿ ಕೀಳುತ್ತಲೇ ಇರಬೇಕು. ಆ ಖರ್ಚಿಗೆ ತಯಾರಿಲ್ಲದಿದ್ದರೆ ಮೊದಲ ವರ್ಷದ ಕೂಲಿಯೂ ದಂಡ. ಇಡೀ ಬೆಟ್ಟಕ್ಕೆ ಕೈ ಹಾಕಬೇಡಿ. ಪೊದೆ ವಿರಳವಾಗಿರುವ ಅಂಚಿನಿಂದ ಶುರು ಮಾಡಿ, ಅಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಉಳಿಯುತ್ತದೆ.

ಯುಪಟೋರಿಯಂ ವಿಷಯದಲ್ಲಿ ನೀವು ಗೆದ್ದಿರಿ. ಹೂ ಬಿಡುವ ಮೊದಲೇ ಕೊಯ್ದು ತೋಟಕ್ಕೆ ಹಾಕಿದರೆ ಒಳ್ಳೆಯ ಹಸಿರು ಗೊಬ್ಬರ, ಕೂಲಿ ಅಲ್ಲೇ ಹುಟ್ಟುತ್ತದೆ. ಲಂಟಾನದ ಕಾಂಡದಿಂದ ಪೀಠೋಪಕರಣ ಮಾಡಿ ಮಾರುವ ಆಸೆ ಬೇಡ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಅದರಿಂದ ದುಡಿಮೆ ಸಿಕ್ಕಿದೆ ನಿಜ, ಆದರೆ ಕಾಂಡ ಒಯ್ದರೆ ಬೇರು ಬೆಟ್ಟದಲ್ಲೇ ಉಳಿಯುತ್ತದೆ.

ತೆರವಾದ ಜಾಗಕ್ಕೆ ಅಕೇಶಿಯಾ ನೆಡುವ ಸಲಹೆ ಬಂದರೆ ಒಪ್ಪಬೇಡಿ, ಅದೂ ಹೊರದೇಶದಿಂದ ತಂದ ನೆಡುತೋಪಿನ ಮರವೇ. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ನಮ್ಮ ಜಿಲ್ಲೆಯ ಜನ ಚಳವಳಿ ಹೂಡಿದ್ದು ಸುಮ್ಮನೆ ಅಲ್ಲ. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಅನುಭವಿಸುವ ಹಕ್ಕು ಮಾತ್ರ, ಆದ್ದರಿಂದ ಕತ್ತಿ ಎತ್ತುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.